ಮುಷ್ಟಿ ಹಿಡಿದರೆ ನಿಲ್ಲಬೇಕು

ಜನ್ನಾಪುರದ ಚೌಡಯ್ಯನ ಬಲಗೈಗೆ ಇದ್ದ ಮರ್ಯಾದೆ ಭದ್ರಾವತಿಯಲ್ಲಿ ಅಮಲ್ದಾರರ ಪೇಟಕ್ಕೂ ಇರಲಿಲ್ಲ. ಕಬ್ಬಿಣದ ಕಾರ್ಖಾನೆಯಲ್ಲಿ ಅವನು ಖಲಾಸಿ. ಸೂರಿನ ಹತ್ತಿರ ಕ್ರೇನಿನ ಗೂಡಿನಲ್ಲಿ ಕೂತ ಡ್ರೈವರಿಗೆ ಕೆಳಗಿನಿಂದ ಕೈಸನ್ನೆ ಮಾಡುವುದು ಅವನ ಕೆಲಸ. ಕುಲುಮೆಯ ಗದ್ದಲ ಎಂಥದೆಂದರೆ, ಹೊಸದಾಗಿ ಸೇರಿದ ದಿನ ಮೇಸ್ತ್ರಿ ಬೈದ ಬೈಗುಳ ಒಬ್ಬನಿಗೆ ಪಿಂಚಣಿ ತೆಗೆದುಕೊಂಡು ಮನೆಗೆ ಹೋದ ಮೇಲೆ ಕೇಳಿಸಿತಂತೆ. ಅಂಥ ಕಡೆ ಮಾತು ಯಾರಿಗೆ ಬೇಕು? ಚೌಡಯ್ಯ ವಿಷಲನ್ನು ದವಡೆಯಲ್ಲಿ ಕಚ್ಚಿ ಒಮ್ಮೆ ಊದಿ ಡ್ರೈವರನ ಕಣ್ಣನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಆಮೇಲೆ ಕೈಯೇ ಮಾತಾಡುತ್ತಿತ್ತು. ಕೈ ಮೇಲೆತ್ತಿ ತೋರುಬೆರಳು ತಿರುಗಿಸಿದರೆ ‘ಎತ್ತು’. ಅಂಗೈ ನೆಲಕ್ಕೆ ಮಾಡಿ ಒತ್ತಿದರೆ ‘ಇಳಿಸು’. ಕಿರುಬೆರಳು ಆಡಿಸಿದರೆ ‘ಕೂದಲೆಳೆಯಷ್ಟೇ’. ಮುಷ್ಟಿ ಹಿಡಿದರೆ ‘ನಿಲ್ಲು’.

ಆ ಮುಷ್ಟಿಯ ಮುಂದೆ ಕಾದ ಕಬ್ಬಿಣ ತುಂಬಿದ ಕೊಪ್ಪರಿಗೆ ಗಾಳಿಯಲ್ಲೇ ಗಕ್ಕನೆ ನಿಲ್ಲುತ್ತಿತ್ತು. ಕೊಪ್ಪರಿಗೆಯೇನು, ಮೇಲೆ ಹಾರುತ್ತಿದ್ದ ಪಾರಿವಾಳವೂ ರೆಕ್ಕೆ ಬಿಚ್ಚಿಕೊಂಡೇ ನಿಂತಿತ್ತು ಎಂದು ಡ್ರೈವರ್ ಆರುಮುಗಂ ದೇವರ ಮೇಲೆ ಆಣೆ ಇಟ್ಟು ಹೇಳುತ್ತಿದ್ದ. ಈ ಮುಷ್ಟಿಗೆ ನಿಲ್ಲದವಳು ಊರಿನಲ್ಲಿ ಒಬ್ಬಳೇ, ಚೌಡಯ್ಯನ ಹೆಂಡತಿ ಕರಿಯಮ್ಮ. ಮದುವೆಯಾದ ಹೊಸದರಲ್ಲಿ ಅವಳ ಮಾತಿನ ನಡುವೆ ಒಮ್ಮೆ ಮುಷ್ಟಿ ಹಿಡಿದು ನೋಡಿದ್ದ. “ಏನು ಮಾರಾಯ, ಕೈಯಲ್ಲಿ ನೊಣ ಹಿಡಿದ್ಯಾ?” ಎಂದು ಕೇಳಿ ಅವಳು ಮಾತು ಮುಂದುವರಿಸಿದ್ದಳು.

ಇಂಥ ಚೌಡಯ್ಯನ ಬಲಗಡೆಯ ದವಡೆಹಲ್ಲು ಒಂದು ಬೇಸಿಗೆಯಲ್ಲಿ ಹುಳುಕಾಯಿತು. ಕೆನ್ನೆ ಊದಿ, ಮನುಷ್ಯ ಬಾಗಿಲಿಗೆ ಬರುವ ಮೊದಲು ಕೆನ್ನೆ ಬಂದು ನಿಲ್ಲುವ ಹಾಗಾಯಿತು. ಅವನ ನರಳಾಟಕ್ಕೆ ಭದ್ರಾ ಹೊಳೆಯ ಮೀನುಗಳೆಲ್ಲ ಆಚೆಯ ಓಲ್ಡ್ ಟೌನ್ ದಡಕ್ಕೆ ಮನೆ ಬದಲಾಯಿಸಿದವು. ಲವಂಗ ಇಟ್ಟದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಎಲ್ಲಕ್ಕಿಂತ ಕಷ್ಟವೆಂದರೆ ವಿಷಲ್ ಕಚ್ಚಲು ಆಗುತ್ತಿರಲಿಲ್ಲ. ಯಾವ ಕಡೆಯ ದವಡೆಯಲ್ಲಿ ಕಚ್ಚಿದರೂ ನೆತ್ತಿಯವರೆಗೆ ಸಿಡಿಯುತ್ತಿತ್ತು. ಒಂದು ದಿನ ನೋವಿನ ಭರಕ್ಕೆ ಸನ್ನೆ ಮಾಡುತ್ತಿದ್ದ ಕೈ ಕೆನ್ನೆಗೆ ಹೋಯಿತು. ಇದು ಯಾವ ಹೊಸ ಸನ್ನೆಯೆಂದು ತಿಳಿಯದೆ ಆರುಮುಗಂ ಕೊಪ್ಪರಿಗೆಯನ್ನು ಅತ್ತಿತ್ತ ತೂಗಿಸಿಬಿಟ್ಟ. ಯಾರಿಗೂ ಏನೂ ಆಗಲಿಲ್ಲ. ಆದರೆ ಫೋರ್‌ಮನ್ ಚೌಡಯ್ಯನನ್ನು ಕರೆದು ಹೇಳಿದ: “ಸೋಮವಾರಕ್ಕೆ ಹಲ್ಲು ಸರಿ ಮಾಡಿಸ್ಕೊಂಡು ಬಾ. ಇಲ್ದಿದ್ರೆ ಸೌದೆ ಯಾರ್ಡಿಗೆ ಹಾಕ್ತೀನಿ. ಅಲ್ಲಿ ಕೊರಡು ಹೊರೋಕೆ ವಿಷಲ್ ಬೇಕಾಗಿಲ್ಲ.”

ಕ್ರೇನಿನ ಕೆಳಗಿನ ಆ ಜಾಗವೇ ಚೌಡಯ್ಯನ ಪ್ರಾಣ. ಅಲ್ಲಿ ನಿಂತಾಗ ಅವನಿಗೆ ತಾನು ಆರಡಿ ಎತ್ತರದವನೆಂದು ಅನ್ನಿಸುತ್ತಿತ್ತು. ನಿಜವಾಗಿ ನೋಡಿದರೆ ಕರಿಯಮ್ಮನ ಭುಜಕ್ಕೆ ಬರುತ್ತಿದ್ದ. ಸೌದೆ ಯಾರ್ಡೆಂದರೆ ಅವನಿಗೆ ಎದೆ ಒಡೆದಂತಾಯಿತು. ಆದರೆ ಹಲ್ಲು ಕೀಳಿಸುವುದೆಂದರೆ ಅದಕ್ಕಿಂತ ಭಯ. ಅವನ ಹುಟ್ಟೂರಿನಲ್ಲಿ ಹಲ್ಲು ಕೀಳುತ್ತಿದ್ದವನು ಕಮ್ಮಾರ. ಎದೆಯ ಮೇಲೆ ಮಂಡಿ ಊರಿ, ಇಕ್ಕಳ ಹಾಕಿ, ರೋಗಿಯ ಕೂಗಿಗಿಂತ ಜೋರಾಗಿ ತಾನೇ ಕೂಗುತ್ತಿದ್ದ. ಸಣ್ಣವನಿದ್ದಾಗ ಅದನ್ನು ನೋಡಿದ ಚೌಡಯ್ಯ ಅವತ್ತಿನಿಂದ ಇಕ್ಕಳ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ.

“ಕುಲುಮೆ ಮುಂದೆ ನಿಲ್ಲೋ ಗಂಡಸು, ಒಂದು ಹಲ್ಲಿಗೆ ಹೆದರ್ತೀಯಲ್ಲ!” ಎಂದಳು ಕರಿಯಮ್ಮ.

“ಕುಲುಮೆ ನನ್ನ ಬಾಯೊಳಗೆ ಬರಲ್ಲ ಮಾರಾಯ್ತಿ.”

ಅವಳು ಟವಲಿನಿಂದ ಅವನ ದವಡೆ ಬಿಗಿದು, ಶನಿವಾರ ಬೆಳಗಿನ ರೈಲು ಹತ್ತಿಸಿ, ಶಿವಮೊಗ್ಗದ ದುರ್ಗಿಗುಡಿಗೆ ಕರೆತಂದಳು. ಅಲ್ಲಿ ಹಿರಿಯಣ್ಣ ಎಂಬ ಹಲ್ಲಿನ ಡಾಕ್ಟರು ಬೋರ್ಡು ಹಾಕಿದ್ದರು. ಕಲ್ಕತ್ತೆಯಲ್ಲಿ ಓದಿ ಬಂದವರು, ಮೆತ್ತಗಿನ ಮನುಷ್ಯ. ಸೊಳ್ಳೆ ಕಚ್ಚಿದರೂ ‘ಸ್ವಲ್ಪ ಸರಿಯಪ್ಪ’ ಎನ್ನುವಂಥವರು.

“ಕೂತ್ಕೊಳ್ಳಿ ಚೌಡಯ್ಯನವರೇ. ಮೊದಲು ಒಸಡಿಗೆ ಔಷಧಿ ಸವರ್ತೀನಿ, ಆಮೇಲೆ ಒಂದು ಸಣ್ಣ ಸೂಜಿ. ಕೆನ್ನೆ ಜೋಮು ಹಿಡಿಯುತ್ತೆ. ನೋವಾದ್ರೆ ಕೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ.”

ಚೌಡಯ್ಯ ತಲೆಯಾಡಿಸಿದ. ಹೆದರಿದವನ ತಲೆ ಯಾವುದಕ್ಕೂ ಆಡುತ್ತದೆ. ಡಾಕ್ಟರು ಸೂಜಿಯನ್ನು ಅಂಗೈಯಲ್ಲಿ ಮರೆಮಾಡಿ, ಭದ್ರಾವತಿಯಲ್ಲಿ ಈ ಸಲ ಸೆಕೆ ಹೇಗಿದೆ ಎಂದು ಕೇಳುತ್ತಲೇ ಚುಚ್ಚಿ ಮುಗಿಸಿದರು. ತುಟಿ, ಕೆನ್ನೆ, ಕಿವಿಯ ತನಕ ಮರದ ಹಲಗೆಯಂತಾಯಿತು. ತನ್ನ ಮುಖದ ಅರ್ಧ ಭಾಗ ರೈಲಿನಲ್ಲೇ ಉಳಿಯಿತೇನೋ ಎಂದು ಚೌಡಯ್ಯನಿಗೆ ಅನುಮಾನ ಬಂತು.

ಆಮೇಲೆ ಇಕ್ಕಳ ಬಾಯಿಗೆ ಹೋಯಿತು. ಹಲ್ಲಿನ ಬುಡ ಒತ್ತಿದಂತಾಯಿತು. ಚೌಡಯ್ಯನ ಬಲಗೈ, ಯಾರನ್ನೂ ಕೇಳದೆ, ತನ್ನ ಅಭ್ಯಾಸದಂತೆ ಮುಷ್ಟಿ ಹಿಡಿಯಿತು.

ಡಾಕ್ಟರು ಅದನ್ನು ನೋಡಿ, “ಭೇಷ್! ಹಾಗೇ ಧೈರ್ಯವಾಗಿ ಹಿಡ್ಕೊಳ್ಳಿ,” ಎಂದು ಇನ್ನಷ್ಟು ಒತ್ತಿದರು.

ಚೌಡಯ್ಯನಿಗೆ ಲೋಕವೇ ತಲೆಕೆಳಗಾಯಿತು. ತನ್ನ ಮುಷ್ಟಿಗೆ ನಿಲ್ಲದ ಯಂತ್ರ! ಎಡಗೈಯಲ್ಲೂ ಮುಷ್ಟಿ ಹಿಡಿದ. “ಶಭಾಷ್!” ಎಂದರು ಡಾಕ್ಟರು. ಅಷ್ಟೇ. ಕುರ್ಚಿಯಿಂದ ನೆಗೆದ ಚೌಡಯ್ಯ ನೆಲ ಮುಟ್ಟಿದ್ದು ಬಾಗಿಲ ಹತ್ತಿರ. ಅಲ್ಲಿ ಕರಿಯಮ್ಮ ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತಿರದಿದ್ದರೆ ಆ ದಿನ ಅವನು ರೈಲಿಗಿಂತ ಮೊದಲೇ ಭದ್ರಾವತಿ ತಲುಪುತ್ತಿದ್ದ.

“ಎಲ್ಲಿಗೆ ಸವಾರಿ? ಸೌದೆ ಯಾರ್ಡಿಗಾ?” ಎಂದಳು.

“ನಿಲ್ಲು ಅಂದೆ, ನಿಲ್ಲಿಫಿಲ್ಲ!” ಜೋಮು ಹಿಡಿದ ತುಟಿಯಲ್ಲಿ ಮಾತು ಸೋರುತ್ತಿತ್ತು.

ಡಾಕ್ಟರು ಗಾಬರಿಯಿಂದ ಬಂದರು. “ಯಾವಾಗ ಅಂದ್ರಿ? ನೋವಾದ್ರೆ ಕೈ ಎತ್ತಿ ಅಂತ ಹೇಳಿದ್ದೆನಲ್ಲ?”

“ಕೈ ಎತ್ತಿದ್ರೆ ‘ಎತ್ತು’ ಅಂತ ಅಲ್ವಾ ಫ್ವಾಮೀ! ಹಲ್ಲು ಹೋಗ್ಲಿ, ದವಡೇನೇ ಎತ್ತಿಬಿಟ್ರೆ? ಮುಷ್ಟಿ ಹಿಡಿದೆ, ಎರಡು ಕೈಯಲ್ಲೂ ಹಿಡಿದೆ. ನೀವು ಭೇಷ್ ಅಂದ್ರಿ!”

ಡಾಕ್ಟರಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಕರಿಯಮ್ಮ ತನ್ನ ಗಂಡ ಕಾರ್ಖಾನೆಯಲ್ಲಿ ಏನು ಕೆಲಸ ಮಾಡುತ್ತಾನೆಂದು ಹೇಳಿದಳು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು. ಒಂದು ಸ್ಟೂಲು ಎಳೆದುಕೊಂಡು ಚೌಡಯ್ಯನ ಎದುರಿಗೆ ಕೂತರು.

“ನಿಮಗೀಗ ಚುಚ್ಚಿದ ಹಾಗೆ ನೋವಾಯ್ತಾ, ಒತ್ತಿದ ಹಾಗಾಯ್ತಾ?”

ಚೌಡಯ್ಯ ಯೋಚಿಸಿದ. “ಒತ್ತಿದ ಹಾಗೆ.”

“ಒತ್ತೋದು ಗೊತ್ತಾಗುತ್ತೆ, ಅದನ್ನ ನಾನು ಮೊದಲೇ ಹೇಳಬೇಕಿತ್ತು. ನೋವು ಗೊತ್ತಾಗಬಾರದು. ಈಗ ಒಂದು ಕೆಲಸ ಮಾಡೋಣ. ನಾನು ಕ್ರೇನು, ನೀವು ಖಲಾಸಿ. ನೀವು ಸನ್ನೆ ಮಾಡದೆ ನನ್ನ ಕೈ ಅಲ್ಲಾಡಲ್ಲ. ನಿಮ್ಮ ಸನ್ನೆಗಳನ್ನ ನನಗೆ ಕಲಿಸಿ.”

ಚೌಡಯ್ಯ ಈಗ ಮೊದಲ ಸಲ ಡಾಕ್ಟರನ್ನು ಸರಿಯಾಗಿ ನೋಡಿದ. ಹೊಸ ಡ್ರೈವರನನ್ನು ಅವನು ಪರೀಕ್ಷೆ ಮಾಡದೆ ಎಂದೂ ಬಿಟ್ಟವನಲ್ಲ. ಡಾಕ್ಟರು ಗಾಳಿಯಲ್ಲಿ ಇಕ್ಕಳ ಹಿಡಿದು ನಿಂತರು. ಬೆರಳು ತಿರುಗಿತು, ಇಕ್ಕಳ ಮೇಲೆ ಹೋಯಿತು. ಮುಷ್ಟಿ, ನಿಂತಿತು. ಅಂಗೈ, ಇಳಿಯಿತು. ಮುಷ್ಟಿ, ನಿಂತಿತು. ಚೌಡಯ್ಯ ಮೋಸ ಮಾಡಿ ನೋಡಿದ. ಎತ್ತು ಎಂದ ಮರುಕ್ಷಣವೇ ಮುಷ್ಟಿ ಹಿಡಿದ. ಡಾಕ್ಟರು ಒಂಟಿಕಾಲಿನ ಕೊಕ್ಕರೆಯಂತೆ ನಿಂತುಬಿಟ್ಟರು.

“ಆರುಮುಗನಿಗಿಂತ ವಾಸಿ,” ಎಂದ ಚೌಡಯ್ಯ. ಹೋಗಿ ತಾನೇ ಕುರ್ಚಿಯಲ್ಲಿ ಕೂತು ಬಾಯಿ ತೆರೆದ.

ಈಗ ಮನುಷ್ಯನೇ ಬೇರೆ. ಭಯ ಇರಲಿಲ್ಲವೆಂದಲ್ಲ, ಅದಕ್ಕೆ ಕೂರಲು ಜಾಗ ಸಿಗಲಿಲ್ಲ. ಭಾರ ಎತ್ತುವಾಗ ಮೊದಲು ಹಿಡಿತ ಸರಿಯಿದೆಯೇ ನೋಡಬೇಕು, ಆಮೇಲೆ ಸರಪಳಿ ಬಿಗಿ ಮಾಡಬೇಕು, ಎಳೆತ ಓರೆಯಾಗಬಾರದು. ಇಷ್ಟೆಲ್ಲ ಜವಾಬ್ದಾರಿ ತಲೆಯ ಮೇಲಿರುವವನಿಗೆ ಹೆದರಲು ಪುರುಸೊತ್ತೆಲ್ಲಿ? ಕಿರುಬೆರಳು ಆಡಿತು. ಡಾಕ್ಟರು ಕೂದಲೆಳೆಯಷ್ಟು ಅಲ್ಲಾಡಿಸಿದರು. ಮುಷ್ಟಿ. ನಿಂತರು. ಚೌಡಯ್ಯ ಮೂಗಿನಲ್ಲಿ ದೀರ್ಘವಾಗಿ ಉಸಿರೆಳೆದುಕೊಂಡ. ಒಂದು ಕಡೆ ಚುರುಕ್ಕೆಂದಾಗ ಮತ್ತೆ ಮುಷ್ಟಿ. ಡಾಕ್ಟರು ಇಕ್ಕಳ ತೆಗೆದು, ಆ ಜಾಗಕ್ಕೆ ಇನ್ನಷ್ಟು ಔಷಧಿ ಕೊಟ್ಟು, ಕಾದರು. ಮತ್ತೆ ಕಿರುಬೆರಳು. ಬಾಗಿಲಲ್ಲಿ ನಿಂತ ಕರಿಯಮ್ಮ ಉಸಿರು ಬಿಡುವುದಕ್ಕೂ ಸನ್ನೆಗಾಗಿ ಕಾಯುತ್ತಿದ್ದಳು.

ಕೊನೆಗೆ ಚೌಡಯ್ಯನ ಕೈ ನಿಧಾನವಾಗಿ ಮೇಲೆದ್ದು ತೋರುಬೆರಳು ಚಕ್ರ ತಿರುಗಿತು.

ಹಲ್ಲು ಎದ್ದು ಬಂತು. ಮೂರು ಬೇರಿನ ಹಲ್ಲು. ಕರಿಯಮ್ಮನ ಪ್ರಕಾರ ಹಲಸಿನ ಮರಕ್ಕೂ ಅಂಥ ಬೇರಿರಲಿಲ್ಲ. ಡಾಕ್ಟರು ಅದನ್ನು ಬೇಸಿನ್ನಿಗೆ ಹಾಕಹೋದರು. ಚೌಡಯ್ಯ ಮುಷ್ಟಿ ಹಿಡಿದ. ಭಾರ ಗಾಳಿಯಲ್ಲಿರುವಾಗ ಖಲಾಸಿಯ ಕೆಲಸ ಮುಗಿದಿಲ್ಲ. ಕೈ ಬೀಸಿ ಹಲ್ಲನ್ನು ಎಡಕ್ಕೆ ಸಾಗಿಸಿ, ಬೇಸಿನ್ನಿನ ನೇರಕ್ಕೆ ತಂದು, ಅಂಗೈ ಒತ್ತಿ ಮೆಲ್ಲಗೆ ಇಳಿಸಿದ. ಟಣ್ ಎಂದಿತು. ಆಮೇಲೆಯೇ ಕೈ ಮಡಿಲಿಗೆ ಇಳಿಯಿತು.

“ನೋವಾಯ್ತಾ?” ಡಾಕ್ಟರು ಕೇಳಿದರು.

ಬಾಯಲ್ಲಿ ಹತ್ತಿ ಕಚ್ಚಿದ್ದ ಚೌಡಯ್ಯ ಹೆಂಡತಿಗೆ ಕಿರುಬೆರಳು ತೋರಿಸಿದ.

“ಕೂದಲೆಳೆಯಷ್ಟಂತೆ,” ಎಂದು ಕರಿಯಮ್ಮ ಅರ್ಥ ಹೇಳಿದಳು. ಮದುವೆಯಾದ ಮೇಲೆ ಅವನ ಸನ್ನೆಯೊಂದನ್ನು ಅವಳು ಒಪ್ಪಿಕೊಂಡದ್ದು ಅದೇ ಮೊದಲು.

ಹಿರಿಯಣ್ಣನವರು ಅಂದಿನಿಂದ ರೋಗಿಯನ್ನು ಕೂರಿಸುವ ಮೊದಲು ಅವರ ಕಸುಬು ಕೇಳತೊಡಗಿದರಂತೆ. ಗಾಡಿ ಹೊಡೆಯುವವರು ‘ಹೋ’ ಎಂದು ಗಂಟಲಲ್ಲೇ ನಿಲ್ಲಿಸಬಹುದಿತ್ತು, ಮೇಷ್ಟರು ತೊಡೆಯ ಮೇಲೆ ಬೆತ್ತ ಕುಟ್ಟಬಹುದಿತ್ತು. ರೈಲ್ವೆ ಗಾರ್ಡೊಬ್ಬರು ಕೆಂಪು ಬಾವುಟ ಹಿಡಿದೇ ಮಲಗಿದ್ದರೆಂದೂ, ಅದನ್ನು ಕಿಟಕಿಯಿಂದ ಕಂಡು ದುರ್ಗಿಗುಡಿಯ ಎತ್ತಿನ ಗಾಡಿಗಳೆಲ್ಲ ನಿಂತುಬಿಟ್ಟವೆಂದೂ ಹೇಳುತ್ತಾರೆ. ಕೂಗಾಟ ಮಾತ್ರ ಕಡಿಮೆಯಾಯಿತು.

ಸೋಮವಾರ ಚೌಡಯ್ಯ ಕ್ರೇನಿನ ಕೆಳಗೆ ಹೋದಾಗ ಅವನ ಜಾಗದಲ್ಲಿ ಬೇರೆ ಯಾರೋ ನಿಂತಿದ್ದರು. ಫೋರ್‌ಮನ್ ದೂರದಿಂದ ನೋಡುತ್ತಿದ್ದ. ಚೌಡಯ್ಯ ವಿಷಲನ್ನು ಎಡದವಡೆಗೆ ಕೊಟ್ಟು ಕಚ್ಚಿ ಊದಿದ. ಎಲ್ಲಿಯೂ ಸಿಡಿಯಲಿಲ್ಲ. ಮೇಲಿನಿಂದ ಆರುಮುಗಂ ತಲೆ ಹೊರಹಾಕಿ ಏನೋ ಕೂಗಿದ. ‘ಅಣ್ಣೇ, ಬಂದ್ಯಾ’ ಎಂದಿರಬೇಕು. ಫೋರ್‌ಮನ್ ಆ ಇನ್ನೊಬ್ಬನಿಗೆ ಪಕ್ಕಕ್ಕೆ ಬರುವಂತೆ ತಲೆಯಾಡಿಸಿದ.

ಚೌಡಯ್ಯ ತನ್ನ ಜಾಗದಲ್ಲಿ ಕಾಲೂರಿ ನಿಂತು, ಕೈ ಮೇಲೆತ್ತಿ, ಬೆರಳು ತಿರುಗಿಸಿದ. ಕೆಂಪಗೆ ಹೊಳೆಯುವ ಕೊಪ್ಪರಿಗೆ ತುಳುಕದೆ ಮೇಲೆದ್ದಿತು.