ಅಕ್ಕನ ಗೇಟಿನ ಮುಂದೆ ಒಂದು ಸ್ಟ್ಯಾಂಡು

ಎರಡು ಸಲ ಸೋಪು ಹಾಕಿ, ಆಮೇಲೆ ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದರೂ ನಿನ್ನೆಯ ಗ್ರೀಸಿನ ವಾಸನೆ ಬೆರಳ ಸಂದಿಯಿಂದ ಹೋಗಿಲ್ಲ. ಬೆಳಿಗ್ಗೆ ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ. ನನ್ನಾಕೆ ಮೂಗು ಮುರಿದಳು. ನನಗೇನೂ ಬೇಸರವಾಗಲಿಲ್ಲ. ಅದು ನಮ್ಮಪ್ಪನ ಕೈಯ ವಾಸನೆ. ಭಾನುವಾರ ಬಂತೆಂದರೆ ಅಪ್ಪ ಸೈಕಲ್ಲನ್ನು ತಲೆಕೆಳಗು ಮಾಡಿ, ಚೈನಿಗೆ ಎಣ್ಣೆ ಬಿಟ್ಟು, ಅದೇ ಕೈಯಲ್ಲಿ ನನ್ನ ತಲೆ ಸವರುತ್ತಿದ್ದ. ಸೋಮವಾರ ಸ್ಕೂಲಿನಲ್ಲಿ ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ನನ್ನ ಗ್ರೀಸಿನ ಕಥೆ ಬೇರೆ. ನಿನ್ನೆ ನನ್ನ ಬ್ಯಾಟರಿ ಸೈಕಲ್ಲಿಗೆ ಹೊಸ ಸ್ಟ್ಯಾಂಡ್ ಹಾಕಿಸಿದೆ. ಇದೂ ಒಂದು ಹೇಳಿಕೊಳ್ಳುವ ವಿಷಯವೇ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ಐವತ್ತೈದು ದಾಟಿದವನಿಗೆ ನೆಟ್ಟಗೆ ನಿಲ್ಲುವ ವಿಷಯ ಯಾವುದೇ ಆದರೂ ದೊಡ್ಡದೇ.

ನಾನು ನೆಲಮಂಗಲದ ಹೈವೇ ಪಕ್ಕದ ಗೋಡೌನೊಂದರಲ್ಲಿ ಸೂಪರ್‌ವೈಸರ್. ಮನೆ ತ್ಯಾಮಗೊಂಡ್ಲು ಕಡೆಯ ಹಳ್ಳಿ. ಬಸ್ಸಿನಲ್ಲಿ ನಿಂತು ನಿಂತು ಮಂಡಿ ಹೋದ ಮೇಲೆ, ಹೋದ ವರ್ಷ ಈ ಬ್ಯಾಟರಿ ಸೈಕಲ್ ಕೊಂಡೆ. ದಪ್ಪ ಟೈರು, ಹಿಂದಿನ ಚಕ್ರದಲ್ಲಿ ಮೋಟಾರು, ನಡುವೆ ಇಟ್ಟಿಗೆಯಂಥ ಬ್ಯಾಟರಿ. ಓಡುತ್ತಿದ್ದರೆ ಹಗುರ, ನಿಂತಿತೋ ಕೆರೆಗೆ ಇಳಿದ ಎಮ್ಮೆ. ಎಳೆದರೂ ಬರುವುದಿಲ್ಲ, ತಳ್ಳಿದರೂ ಹೋಗುವುದಿಲ್ಲ. ಇಷ್ಟು ಭಾರದ ಗಾಡಿಗೆ ಕಂಪನಿಯವರು ಕೊಟ್ಟಿದ್ದ ಸ್ಟ್ಯಾಂಡು ನನ್ನ ಹೆಬ್ಬೆರಳ ಗಾತ್ರದ್ದು. ಅದು ಮೂರೇ ತಿಂಗಳಿಗೆ ಬಾಗಿತು. ಅದನ್ನು ಬದಲಾಯಿಸದೆ ನಾನು ಒಂಬತ್ತು ತಿಂಗಳು ಕಳೆದೆ. ಸೋಮಾರಿತನ ಎಂದುಕೊಳ್ಳಬೇಡಿ. ಅದು ಕೆಟ್ಟೇ ಇರಲಿ ಎಂಬುದು ನನ್ನ ಆಸೆಯಾಗಿತ್ತು. ಯಾಕೆಂದು ಹೇಳಬೇಕಾದರೆ ಅಪ್ಪನ ಸೈಕಲ್ಲಿಗೆ ಮತ್ತೆ ಹೋಗಬೇಕು.

ನಮ್ಮ ಕಡೆ ಮನೆ ಮುಂದೆ ಸೈಕಲ್ ನಿಲ್ಲಿಸುವುದಕ್ಕೆ ಒಂದು ರೀತಿ ಇತ್ತು. ನೀವೂ ಕಂಡಿರುತ್ತೀರಿ. ಸೀಟಿನಿಂದ ಇಳಿಯದೆ ಒಂದು ಕಾಲು ನೆಲಕ್ಕೆ ಊರಿ ಮಾತಾಡಿದರೆ, ಬಂದವರು ಹೊರಟರು ಎಂದೇ ಅರ್ಥ. ಇಳಿದು ಹ್ಯಾಂಡಲ್ ಹಿಡಿದು ನಿಂತರೆ ಒಂದು ಲೋಟ ನೀರಿನಷ್ಟು ಹೊತ್ತು. ಸ್ಟ್ಯಾಂಡ್ ಹಾಕಿದರೆ ಮಾತ್ರ ಒಳಗೆ ಬರುತ್ತಾರೆ, ಕೂರುತ್ತಾರೆ. ಅಪ್ಪನ ಸೈಕಲ್ಲಿಗೆ ಎರಡು ಕಾಲಿನ ಕಬ್ಬಿಣದ ಸ್ಟ್ಯಾಂಡಿತ್ತು. ಹಿಂದಕ್ಕೆ ಎಳೆದು ಹಾಕಿದರೆ ಬೀದಿಗೆಲ್ಲ ಕೇಳುವ ಸದ್ದು. ನಮ್ಮಮ್ಮ ಬಂದವರ ಮುಖ ನೋಡುತ್ತಿರಲಿಲ್ಲ, ಸ್ಟ್ಯಾಂಡಿನ ಸದ್ದು ಕೇಳಿಯೇ ಕಾಫಿಗೆ ನೀರಿಡುತ್ತಿದ್ದಳು. ಸದ್ದಿಲ್ಲದಿದ್ದರೆ, "ಕಾಲೂರ್ಕೊಂಡು ಬಂದಿರೋರಿಗೆ ಕಾಫಿ ಯಾಕೆ, ಆರೋಗುತ್ತೆ" ಅನ್ನುತ್ತಿದ್ದಳು.

ಅಪ್ಪ ಎಲ್ಲರ ಮನೆ ಮುಂದೆಯೂ ಸ್ಟ್ಯಾಂಡ್ ಹಾಕುತ್ತಿದ್ದ, ತನ್ನ ಒಡಹುಟ್ಟಿದ ತಮ್ಮನ ಮನೆಯ ಮುಂದೆ ಬಿಟ್ಟು. ಚಿಕ್ಕಪ್ಪನ ಮನೆ ಊರ ಆ ತುದಿಗೆ. ಜಗಳ ಬಚ್ಚಲ ನೀರಿನದು. ಒಟ್ಟಿಗಿದ್ದಾಗ ಬಚ್ಚಲ ನೀರು ಯಾರ ಬಾಳೆಗಿಡಕ್ಕೆ ಹೋಗಬೇಕು ಎಂಬಲ್ಲಿ ಮಾತು ಬೆಳೆದು, ಚಿಕ್ಕಪ್ಪ ಬೇರೆ ಮನೆ ಮಾಡಿದ. ಆದರೂ ಅಪ್ಪ ದಿನಾ ಸಂಜೆ ಆ ಗೇಟಿನ ಮುಂದೆ ನಿಲ್ಲುತ್ತಿದ್ದ. ಕಾಲು ಊರಿಕೊಂಡೇ, "ದನಕ್ಕೆ ಹುಲ್ಲೈತಾ? ಕೆಮ್ಮು ಹೆಂಗೈತೆ?" ಎಂದು ಕೇಳುತ್ತಿದ್ದ. ಚಿಕ್ಕಮ್ಮ ಹೊರಗೆ ಬಂದು, "ಇಳೀರಿ ಭಾವ, ಕಾಫಿ ಕುಡ್ಕೊಂಡು ಹೋಗೋರಂತೆ" ಅನ್ನುವಳು. "ಹೊತ್ತಾಯ್ತು ಕಣಮ್ಮ" ಎಂದು ಅಪ್ಪ ಪೆಡಲ್ ತುಳಿಯುವನು. ಏಳು ವರ್ಷ ಹೀಗೇ ನಡೆಯಿತು. ಪ್ರೀತಿ ಇತ್ತು, ಅದಕ್ಕೆ ನಾನೇ ಸಾಕ್ಷಿ. ಇಳಿಯುವುದೊಂದು ಆಗಲಿಲ್ಲ.

ಒಂದು ಬೆಳಿಗ್ಗೆ ಚಿಕ್ಕಪ್ಪನಿಗೆ ಎದೆನೋವು ಎಂದು ಸುದ್ದಿ ಬಂತು. ನಾನು ಆಗ ಕಾಲೇಜು. ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಅಪ್ಪ ತುಳಿದ ವೇಗಕ್ಕೆ ನನಗೇ ಹೆದರಿಕೆಯಾಯಿತು. ಆ ಗೇಟಿನ ಮುಂದೆ ಅವನು ಓಡುತ್ತಿದ್ದ ಸೈಕಲ್ಲಿನಿಂದ ಹಾರಿದ. ಸೈಕಲ್ಲೂ ನಾನೂ ಚರಂಡಿಗೆ ಬಿದ್ದೆವು. ಒಂದು ಗೀರು ಬಿದ್ದರೂ ವಾರವೆಲ್ಲ ಗೊಣಗುತ್ತಿದ್ದವನು ತಿರುಗಿಯೂ ನೋಡದೆ, ಚಪ್ಪಲಿ ಕಾಲಲ್ಲೇ ಒಳಗೆ ಓಡಿದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ತಿಥಿಯೆಲ್ಲ ಕಳೆದ ಮೇಲೆ ಒಂದು ದಿನ, ಸೊಟ್ಟಗಾದ ಹ್ಯಾಂಡಲನ್ನು ನಾನು ತಿರುಗಿಸುತ್ತಿದ್ದಾಗ ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಇಳ್ದಿದ್ರೆ ಆಗೋದು ಕಣ್ಲಾ" ಅಂದ. ಅಷ್ಟೇ ಅಂದದ್ದು.

ಇಷ್ಟನ್ನು ಕಣ್ಣಾರೆ ಕಂಡವನು ಬುದ್ಧಿ ಕಲಿತಿರುತ್ತಾನೆ ಎಂದು ನೀವು ತಿಳಿದರೆ ನಿಮಗೆ ನನ್ನ ಪರಿಚಯ ಸಾಲದು.

ನನಗಿರುವುದು ಒಬ್ಬಳೇ ಅಕ್ಕ. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲೇ ಅವಳ ಮನೆ. ಮೂರು ವರ್ಷದ ಹಿಂದೆ ಅವಳ ಮಗಳ ಮದುವೆಯಾಯಿತು. ಸೋದರಮಾವನೆಂದರೆ ನಮ್ಮಲ್ಲಿ ಸಾಮಾನ್ಯವೇ? ಮನೆದೇವರ ಮುಂದೆ ಒಂದು ಲಗ್ನಪತ್ರಿಕೆ ಇಟ್ಟು, ಅದಾದ ಮೇಲಿನ ಮೊದಲನೆಯದನ್ನು ನನಗೇ ಕೊಡಬೇಕೆಂದು ಅಕ್ಕ ಭಾವ ಇಬ್ಬರೂ ಬಂದರು. ಪ್ರೆಸ್ಸಿನಿಂದ ತಂದ ಕಟ್ಟು ಬಿಚ್ಚಿ ಓದಿ ನೋಡುವಷ್ಟೂ ಪುರುಸೊತ್ತು ಮಾಡಿಕೊಳ್ಳದೆ, ಅರಿಸಿನ ಕುಂಕುಮ ಹಚ್ಚಿ ತಂದಿದ್ದಳು. ಅವರು ಹೋದ ಮೇಲೆ ಕನ್ನಡಕ ಹಾಕಿಕೊಂಡು ಓದಿದೆ. ಸುಖಾಗಮನ ಬಯಸುವವರ ಸಾಲಿನಲ್ಲಿ ಭಾವನ ಅಣ್ಣತಮ್ಮಂದಿರು, ಅವರ ಮಕ್ಕಳು, ಇನ್ನೂ ನೆಟ್ಟಗೆ ಮಾತು ಬಾರದ ಒಂದು ಕೂಸು, ಎಲ್ಲರೂ ಇದ್ದರು. ನನ್ನ ಹೆಸರಿರಲಿಲ್ಲ.

ಪ್ರೆಸ್ಸಿನವರು ಒಂದು ಸಾಲು ಬಿಟ್ಟಿದ್ದರು. ಅದು ನನಗೆ ಅವತ್ತೇ ಗೊತ್ತಾಯಿತು. ಅಕ್ಕ ಮೂರು ಸಲ ಫೋನ್ ಮಾಡಿದಳು, ನಾನು ತೆಗೆಯಲಿಲ್ಲ, ನನ್ನಾಕೆಯ ಹತ್ತಿರ ಹೇಳಿಕೊಂಡು ಅತ್ತಳಂತೆ. ಆದರೂ ಮುನಿಸು ಎಂಬುದು ತಿಳಿವಳಿಕೆಯ ಮಾತು ಕೇಳುವುದಿಲ್ಲ. ಮದುವೆಗೆ ಹೋದೆ. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆದುಕೊಂಡು ಬಂದೆ, ಅಕ್ಷತೆ ಹಾಕಿದೆ, ಎಲೆ ಹಾಕುವ ಹೊತ್ತಿಗೆ ಚಪ್ಪಲಿ ಹುಡುಕಿಕೊಂಡೆ. ಅಕ್ಕ ರೇಷ್ಮೆ ಸೀರೆಯಲ್ಲಿ ಛತ್ರದ ಗೇಟಿನ ತನಕ ಓಡಿಬಂದು, "ಉಂಡ್ಕೊಂಡು ಹೋಗೋ, ನಿನ್ ಕೈ ಮುಗೀತೀನಿ" ಅಂದಳು. "ಡ್ಯೂಟಿ ಐತೆ" ಅಂದೆ. ಮದುವೆಮನೆಯಿಂದ ಸೋದರಮಾವ ಉಣ್ಣದೆ ಹೋದರೆ ಏನರ್ಥ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಅಂದಿನಿಂದ ನಾನು ಅಕ್ಕನ ಮನೆಯೊಳಕ್ಕೆ ಹೋಗಿರಲಿಲ್ಲ. ನಮ್ಮ ಹಿತ್ತಲಿನ ಒಂದು ತೆಂಗಿನಮರವನ್ನು ಅಮ್ಮ ಸಾಯುವ ಮುಂಚೆ ಅಕ್ಕನದೆಂದು ಹೇಳಿದ್ದಳು. ಅದರ ಕಾಯಿ ಕಿತ್ತಾಗಲೆಲ್ಲ ಹಳೇ ಸೈಕಲ್ಲಿನಲ್ಲಿ ಚೀಲ ತಂದು ಗೇಟಿಗೆ ನೇತುಹಾಕಿ, ಕಾಲೂರಿಕೊಂಡು ಎರಡು ಮಾತಾಡಿ ಹೊರಡುತ್ತಿದ್ದೆ. ಬ್ಯಾಟರಿ ಸೈಕಲ್ ಬಂದು, ಅದರ ಸ್ಟ್ಯಾಂಡೂ ಬಾಗಿದ ಮೇಲಂತೂ ನನಗೆ ಹಬ್ಬ.

"ಇಳಿಯೋಲ್ವೇನೋ?"

"ಸ್ಟ್ಯಾಂಡ್ ಸರಿಯಿಲ್ಲ ಕಣಕ್ಕ, ನಿಲ್ಲಿಸಿದ್ರೆ ಬಿದ್ದೋಯ್ತದೆ."

"ಗೋಡೆಗೆ ಒರಗ್ಸು."

"ಈಗ ಪೇಂಟ್ ಹೊಡ್ಸಿದ್ದೀರಿ, ಗೀರಾಯ್ತದೆ."

ಗೋಡೆಯ ಮೇಲೆ ನನಗಿದ್ದ ಕಾಳಜಿ ನೋಡಿ. ಕೆಲವು ತಿಂಗಳಾದ ಮೇಲೆ ಅಕ್ಕ ಕೇಳುವುದನ್ನು ಬಿಟ್ಟಳು. ಚೀಲ ತೆಗೆದುಕೊಂಡು, "ಹುಷಾರಾಗಿ ಹೋಗು" ಅನ್ನುವಳು. ಹೋದ ತಿಂಗಳು ಕಾಯಿಚೀಲ ಒಳಗೆ ಒಯ್ಯುವಾಗ ಅವಳು ನಡುವೆ ಎರಡು ಸಲ ಕೆಳಗಿಟ್ಟದ್ದು ಕಂಡಿತು. ಆ ರಾತ್ರಿಯಿಂದ ಚಿಕ್ಕಪ್ಪನ ಮನೆಯ ಚರಂಡಿ ಕಣ್ಣಿಗೆ ಕಟ್ಟತೊಡಗಿತು. ಕೊನೆಗೆ ನನ್ನಾಕೆಯೇ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಮೊದ್ಲು ಆ ಸ್ಟ್ಯಾಂಡ್ ಸರಿ ಮಾಡ್ಸಿ. ಆಮೇಲೂ ಇಳೀದಿದ್ರೆ ಯಾವುದು ಡೊಂಕು ಅಂತ ಗೊತ್ತಾಯ್ತದೆ" ಅಂದಳು.

ಆಗಲೂ ನಾನು ಅಡ್ಡದಾರಿಯನ್ನೇ ಹಿಡಿದೆ. ಮೊಬೈಲಿನಲ್ಲಿ ನೋಡಿ, ಇದ್ದುದರಲ್ಲಿ ಉದ್ದವಾದದ್ದನ್ನು ತರಿಸಿ ನಾನೇ ಸ್ಪ್ಯಾನರ್ ಹಿಡಿದು ಕೂರಿಸಿದೆ. ಉದ್ದವಿದ್ದಷ್ಟೂ ಗಟ್ಟಿ ಎಂದು ನನ್ನ ಲೆಕ್ಕಾಚಾರ. ಸೈಕಲ್ ಸಿಪಾಯಿಯ ಹಾಗೆ ನೆಟ್ಟಗೆ ನಿಂತಿತು. ಸಂತೆಬೀದಿಯಲ್ಲಿ ಪಕ್ಕದಲ್ಲೊಂದು ಟೆಂಪೊ ಹೋದ ಗಾಳಿಗೆ ಸ್ಟ್ಯಾಂಡಿಲ್ಲದ ಕಡೆಗೆ ಮಗುಚಿಕೊಂಡು ಟೊಮೇಟೊ ಗುಡ್ಡೆಯ ಮೇಲೆ ಮಲಗಿತು. ಟೊಮೇಟೊ ಅಮ್ಮ ನನ್ನ ವಂಶಕ್ಕೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಒಡೆದ ಹಣ್ಣನ್ನೆಲ್ಲ ಮನೆಗೆ ತಂದೆ. ನಾಲ್ಕು ದಿನ ಟೊಮೇಟೊ ಗೊಜ್ಜು.

ನಿನ್ನೆ ರಜೆ. ತ್ಯಾಮಗೊಂಡ್ಲುವಿನ ಸೈಕಲ್ ಶಾಪಿನ ಗಂಗಣ್ಣನ ಹತ್ತಿರ ಹೋದೆ. ಎಪ್ಪತ್ತು ದಾಟಿದ ಮನುಷ್ಯ, ಅಪ್ಪನ ಸೈಕಲ್ಲಿಗೂ ಇವನೇ ರಿಪೇರಿ ಮಾಡುತ್ತಿದ್ದವನು. ಸೈಕಲ್ಲನ್ನು ಒಂದು ಸುತ್ತು ನೋಡಿ, "ಹಿಂದೆ ಏನು ಹೇರ್ತೀಯಪ್ಪಾ?" ಎಂದ. ತೆಂಗಿನಕಾಯಿ ಅಂದೆ. "ಹಂಗಾದ್ರೆ ಕಾಯಿ ಹಾಕ್ಕೊಂಡು ಬಾ, ಗಾಳೀನೂ ತುಂಬಿಸ್ಕೊಂಡು ಬಾ. ಬರಿ ಗಾಡಿಗೆ ಅಳತೆ ತಗೊಂಡ್ರೆ ಹೇರಿದ ದಿನ ಕೈ ಕೊಡ್ತದೆ" ಎಂದು ವಾಪಸ್ ಕಳಿಸಿದ. ಹೋಗಿ ಚೀಲ ಕಟ್ಟಿಕೊಂಡು ಬಂದೆ.

ಎರಡು ಕಾಲಿನದೇ ಇರಲಿ, ಅಪ್ಪನದರ ಹಾಗೆ, ಅಂದೆ. ಗಂಗಣ್ಣ ನನ್ನ ಮಂಡಿ ನೋಡಿ, "ಅದನ್ನ ಎತ್ತಿ ಹಾಕೋಕೆ ನಿಮ್ಮಪ್ಪನ ಸೊಂಟ ಬೇಕು" ಎಂದ. ಒಂದೇ ಕಾಲಿನ, ಕಬ್ಬಿಣದ, ಎರಡು ಬೋಲ್ಟಿನಲ್ಲಿ ಹಿಡಿಯುವಂಥದ್ದನ್ನು ಆರಿಸಿದ. ಮಣ್ಣಲ್ಲಿ ಹೂತುಕೊಳ್ಳದ ಹಾಗೆ ಅಡಿಗೆ ಅಗಲವಾದ ತಗಡಿತ್ತು. ಮೋಟಾರಿನ ವೈರು ನಡುವೆ ಸಿಕ್ಕಿ ನಜ್ಜಾಗದಂತೆ ಪಕ್ಕಕ್ಕೆ ಸರಿಸಿ ಕಟ್ಟಿದ. ಹಳೇ ಟ್ಯೂಬಿನ ತುಂಡೊಂದನ್ನು ಒಳಗಿಟ್ಟು ಬೋಲ್ಟ್ ಬಿಗಿದ. ಹಿಡಿದುಕೊಳ್ಳುವುದು, ಗ್ರೀಸ್ ಬಳಿಯುವುದು ನನ್ನ ಪಾಲಿನ ಕೆಲಸ. ಉದ್ದ ನೋಡಿ ನೋಡಿ ಮೂರು ಸಲ ಕೊಯ್ದ. "ನೆಟ್ಟಗೆ ನಿಂತ್ರೆ ಬೀಳ್ತದೆ ಕಣಪ್ಪಾ. ಒಂಚೂರು ಬಗ್ಗಿರ್ಬೇಕು."

ಆಮೇಲೆ ಚೀಲ ತೋರಿಸಿ, "ಅಕ್ಕಂಗಾ?" ಎಂದ. ಹೂಂ ಅಂದೆ. "ಒಳ್ಳೇ ಹೆಣ್ಣುಮಗಳು. ಮಗಳ ಮದುವೆ ಪತ್ರಿಕೆ ಕೊಡೋಕೆ ಬಂದಾಗ ಇದೇ ಸ್ಟೂಲ್ ಮೇಲೆ ಕೂತಿತ್ತು. ಬೆರಳಿಗೆ ಬಟ್ಟೆ ಸುತ್ಕೊಂಡಿತ್ತು. ಏನಮ್ಮಾ ಅಂದ್ರೆ, ತಮ್ಮನ ಹೆಸರು ಬಿಟ್ಟೋಗಿತ್ತಂತೆ, ಪತ್ರಿಕೆಗೆಲ್ಲ ಪೆನ್ನಲ್ಲಿ ಬರ್ದೂ ಬರ್ದೂ ಬೆರಳು ಬೊಬ್ಬೆ ಎದ್ದದೆ ಅಂತು."

ನನ್ನ ಕೈಯ ಸ್ಪ್ಯಾನರ್ ಕೆಳಗೆ ಬಿತ್ತು. ಮೂರು ವರ್ಷ ನಾನು ಬೀರುವಿನಲ್ಲಿಟ್ಟು ಆಗಾಗ ತೆಗೆದು ನೋಡಿ ಸಿಟ್ಟು ಕಾಯಿಸಿಕೊಳ್ಳುತ್ತಿದ್ದುದು ಆ ಒಂದೇ ಪತ್ರಿಕೆಯನ್ನು. ಮೊದಲನೆಯದೆಂದು, ಓದುವ ಮುಂಚೆಯೇ ತಂದು ನನ್ನ ಕೈಯಲ್ಲಿಟ್ಟಿದ್ದನ್ನು. ಊರಿನ ಎಲ್ಲರ ಮನೆಯ ಪತ್ರಿಕೆಯಲ್ಲೂ ನನ್ನ ಹೆಸರಿತ್ತು. ಅಕ್ಕ ಅದನ್ನು ನನಗೆ ಹೇಳಲು ನಾನು ಒಂದು ಸಲವಾದರೂ ಇಳಿಯಬೇಕಿತ್ತಲ್ಲ.

ನೇರ ಅವಳ ಮನೆಗೇ ಹೋದೆ. ಗೇಟಿನ ಮುಂದೆ ಇಳಿದು ಸ್ಟ್ಯಾಂಡ್ ತಳ್ಳಿದೆ. ಕಾಯಿಚೀಲದ ಸಮೇತ ಸೈಕಲ್ ಒಂಚೂರು ವಾಲಿ ನಿಂತುಕೊಂಡಿತು. ಅಕ್ಕ ಚೀಲ ತೆಗೆದುಕೊಳ್ಳಲು ಬಂದವಳು ನನ್ನ ಎರಡೂ ಕಾಲು ನೆಲದ ಮೇಲಿರುವುದನ್ನು ನೋಡಿದಳು.

"ಸರಿ ಮಾಡಿಸ್ದಾ?"

"ಹೂಂ ಅಕ್ಕ."

ಕಾಯಿಚೀಲ ಬಿಚ್ಚಿ ಗೇಟಿನೊಳಗೆ ಇಟ್ಟೆ. "ನಿಮ್ ಭಾವ ತೋಟಕ್ಕೆ ಹೋಗವ್ರೆ. ಮನೇಲಿ ಹಾಲಿಲ್ಲ. ಕೀ ಕೊಡು, ತಂದ್ಬಿಡ್ತೀನಿ" ಅಂದಳು.

"ಅಯ್ಯೋ, ಭಾರ ಕಣಕ್ಕ, ನಿನ್ನ ಕೈಲಾಗಲ್ಲ."

"ನಿಂಗೆ ಸೈಕಲ್ ಕಲಿಸ್ದೋಳು ಯಾರು? ಹೋಗಿ ಒಳಗೆ ಕೂತ್ಕೊ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟ್ಯಾಂಡ್ ಒದ್ದು ಹೊರಟೇಬಿಟ್ಟಳು. ನಾನು ಮೂರು ವರ್ಷದ ಮೇಲೆ ಆ ಮನೆಯ ಹೊಸ್ತಿಲು ದಾಟಿ ಕುರ್ಚಿಯಲ್ಲಿ ಕೂತೆ. ಹಾಲಿನ ಅಂಗಡಿ ಅಲ್ಲೇ ತಿರುವಿನಲ್ಲಿದೆ, ಐದು ನಿಮಿಷದ ದಾರಿ. ಅಕ್ಕ ಅರ್ಧ ಗಂಟೆಯಾದರೂ ಬರಲಿಲ್ಲ. ನಾನು ಏಳುವ ಹಾಗೂ ಇಲ್ಲ, ಹೊರಡುವ ಹಾಗೂ ಇಲ್ಲ. ಒಬ್ಬನೇ ಕೂತು, ಯಾರೂ ನೋಡದಿದ್ದಾಗ ಅಳುವಷ್ಟನ್ನು ಅತ್ತುಕೊಂಡೆ.

ಬಂದಾಗ ಅವಳ ಕಣ್ಣೂ ಕೆಂಪಗಿತ್ತು. ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಕಂಕುಳಲ್ಲಿ ಒಂದು ಸುರುಳಿ ಬಾಳೆಎಲೆ.

"ಕಾಫಿಗೆ ಎಲೆ ಯಾಕಕ್ಕ?"

ಅವಳು ನೆಲ ಒರೆಸಿ, ಎಲೆ ಹಾಸಿ, ನೀರು ಚಿಮುಕಿಸಿ, ತುದಿಗೆ ಉಪ್ಪು ಬಡಿಸಿದಳು. ಹೊತ್ತಾಯಿತು ಎಂದು ಹಳೇ ಚಾಳಿಯ ಮೇಲೆ ಸೈಕಲ್ ಕೀಗೆ ಕೈ ಚಾಚಿದೆ. ಅಕ್ಕ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಮೊದ್ಲು ಉಣ್ಣು" ಅಂದಳು.