ಬೋಟಿನ ಆಂಪ್ಲಿಫಯರೂ ನನ್ನ ಪದವಿಯೂ

ಸಂಜೆ ಚಹಾದ ಹೊತ್ತಿಗೆ ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಮುಚ್ಚಳಗಳು ತಾವಾಗಿಯೇ ಝಣಝಣಗುಟ್ಟತೊಡಗಿದರೆ ನೀವು ಭೂಕಂಪವೆಂದು ಹೊರಗೋಡಬೇಕಿಲ್ಲ. ನನ್ನ ತಮ್ಮ ನಾಗೇಶನ ಬೋಟು ಬೇಲೆಕೇರಿ ಬಂದರಿಗೆ ಬರುತ್ತಿದೆ ಎಂದಷ್ಟೇ ಅದರ ಅರ್ಥ. ಬೋಟು ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ದಡ ಮುಟ್ಟಿ, ತೆಂಗಿನ ಸಾಲು ದಾಟಿ, ನನ್ನ ಸಾಸಿವೆ ಡಬ್ಬಿಯನ್ನು ಕುಣಿಸಿರುತ್ತದೆ. ಸಂಗೀತದ ಮೇಲೆ ನನಗೆ ದ್ವೇಷವಿಲ್ಲ. ಆದರೆ ನನ್ನ ಸಾಸಿವೆಗೂ ಅದನ್ನು ಕೇಳಿಸಿಯೇ ತೀರುತ್ತೇನೆಂಬ ಔದಾರ್ಯವನ್ನು ಕಂಡರೆ ಮೈ ಉರಿಯುತ್ತದೆ.

ಮೊದಲು ಹೀಗಿರಲಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಬಲೆ ಬಿಟ್ಟು ಕಾಯುವ ಹೊತ್ತು ಮೌನವ್ರತದ್ದು. ಬಂಗಡೆ ಮೀನಿಗೂ ಕಿವಿಯಿದೆಯೆಂದು ಬೀಡಿ ಹಚ್ಚುವವನೂ ಕಡ್ಡಿಯನ್ನು ಮೆಲ್ಲಗೆ ಗೀರುತ್ತಿದ್ದ. ನಾಗೇಶನ ಕಾಲಕ್ಕೆ ಸಣ್ಣ ಸ್ಪೀಕರುಗಳು ಬಂದವು. ಇಂಜಿನ್ ನಿಲ್ಲಿಸಿ ಕೂತವರ ಬೇಸರ ಕಳೆಯುವಷ್ಟು ಹಾಡಿಕೊಂಡು ಅವೂ ಸಭ್ಯವಾಗಿಯೇ ಇದ್ದವು. ಆದರೆ ಪಕ್ಕದ ಬೋಟಿನವರ ಹಾಡು ಇವನ ಹಾಡನ್ನು ನುಂಗತೊಡಗಿದ ಮೇಲೆ ನಾಗೇಶನ ಮಾನರಕ್ಷಣೆಗೆ ಆಂಪ್ಲಿಫಯರ್ ಅನಿವಾರ್ಯವಾಯಿತು. ಅದನ್ನು ತರಲು ಕಾರವಾರಕ್ಕೆ ನನ್ನನ್ನೂ ಎಳೆದೊಯ್ದ.

ನಾನೇಕೆಂದರೆ, ನಾನು ಮನೆತನದ ಮೊದಲ ಪದವೀಧರೆ. ನಮ್ಮಮ್ಮ, ಅಂದರೆ ಆಯಿ, ಮೀನಿನ ಬುಟ್ಟಿ ಹೊತ್ತು ಹಟ್ಟಿಕೇರಿಯ ಮನೆಮನೆ ತಿರುಗಿ ನನ್ನನ್ನು ಬಿ.ಎ. ಮಾಡಿಸಿದಳು, ಅದರ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಓದಿದ್ದು ಇತಿಹಾಸ. ಆದರೆ ನಮ್ಮವರ ಪಾಲಿಗೆ ಪದವಿಯೆಂದರೆ ಅಖಂಡ ಬ್ರಹ್ಮಾಂಡ: ಜ್ವರದ ಮಾತ್ರೆ, ಜಾಗದ ಪಹಣಿ, ಕೆಟ್ಟುಹೋದ ಮಿಕ್ಸರು ಎಲ್ಲವೂ ಅದರಲ್ಲಿ ಅಡಕ. ಇಷ್ಟು ಕಷ್ಟಪಟ್ಟು ಗಳಿಸಿದ ವಿದ್ಯೆಯಲ್ಲಿ ಮಿಕ್ಸರ್ ಇಲ್ಲವೆಂದು ಹೇಳಲು ಬಾಯಿ ಬಾರದೆ, ಅದರ ಹೊಟ್ಟೆ ಬಿಚ್ಚಿಟ್ಟುಕೊಂಡು ಶಾಸನ ಓದುವವಳಂತೆ ನಾನು ಕೂತದ್ದೂ ಉಂಟು.

ಕಾರವಾರದಿಂದ ಬರುವಾಗ ಬಸ್ಸು ಅರ್ಗಾ ದಾಟುತ್ತಿದ್ದಂತೆ, ಆಂಪ್ಲಿಫಯರಿನ ಪೆಟ್ಟಿಗೆಯ ಮೇಲಿನ ಇಂಗ್ಲಿಷನ್ನು ಓದಿ ಹೇಳಬೇಕೆಂದು ನನಗೆ ಅಪ್ಪಣೆಯಾಯಿತು. ಇಂಜಿನ್ ಚಾಲೂ ಮಾಡುವ ಬ್ಯಾಟರಿಗೆ ಇದನ್ನು ಜೋಡಿಸಕೂಡದು, ಬೇರೆ ಬ್ಯಾಟರಿ ಇಡಬೇಕು ಎಂದಿತ್ತು. ಹೇಳಿದೆ.

"ಬ್ಯಾಟ್ರಿ ವಿಚಾರ ನಿಂಗೆಂತಾ ಗೊತ್ತೇ ಅಕ್ಕಾ? ನೀ ರಾಜರ ಕತೆ ಕಲ್ತವಳು."

"ಮತ್ತೆ ನನ್ನ ಯಾಕೆ ಕರ್ಕಂಡು ಬಂದ್ಯೋ?"

"ಇಂಗ್ಲಿಷ್ ಓದೂಕೆ. ಓದಿದ್ಯಲ್ಲ, ಸಾಕು. ಅರ್ಥ ಮಾಡ್ಕಂಬೂದು ನಂಗೆ ಬಿಡು."

ಹಿಂದಿನ ಸೀಟಿನವರೂ ನಕ್ಕರು. ನನ್ನ ಸಿಟ್ಟಿನ ಉಗಮಸ್ಥಾನ ಇದೇ ನೋಡಿ. ಕೆಲಸ ಹೇಳುವಾಗ ನಾನು ಪದವೀಧರೆ. ಬುದ್ಧಿ ಹೇಳಿದೊಡನೆ ಬರಿಯ ಅಕ್ಕ. ಆಯಿ ಹೊತ್ತ ಬುಟ್ಟಿಯ ಭಾರವೆಲ್ಲ ನನ್ನನ್ನು ಪೆಟ್ಟಿಗೆಯ ಅಕ್ಷರ ಓದುವ ಯಂತ್ರವಾಗಿಸುವುದಕ್ಕಾಗಿಯೇ? ಮನೆಗೆ ಬಂದು ಆಯಿಯೆದುರು ದೂರು ಹೇಳಿದೆನೇ ಹೊರತು ಅವನೆದುರು ಮತ್ತೆ ಬ್ಯಾಟರಿಯ ಮಾತೆತ್ತಲಿಲ್ಲ. ಅವನು ಇದ್ದೊಂದೇ ಬ್ಯಾಟರಿಗೆ ಆಂಪ್ಲಿಫಯರ್ ಜೋಡಿಸಿದ. ಅಂದಿನಿಂದ ಮುಚ್ಚಳಗಳು ಕುಣಿಯತೊಡಗಿದವು. ಅಂದಿನಿಂದಲೇ ನಾನು ಕಿಟಕಿಯಲ್ಲಿ ನಿಂತು ಕಡಲಿಗೆ ಮುಖಮಾಡಿ ಬೈಯತೊಡಗಿದೆ.

ಒಂದು ಸಂಜೆ ಮುಚ್ಚಳ ಅಲುಗಲಿಲ್ಲ. ಮೊದಲು ಹಾಯೆನಿಸಿತು. ಚಹಾ ಕುಡಿದು ಲೋಟ ತೊಳೆಯುವಾಗ ಆ ನೆಮ್ಮದಿಯೇ ಯಾಕೋ ಚುಚ್ಚತೊಡಗಿತು. ಒಳಕೋಣೆಯಿಂದ ಆಯಿ ಕೇಳಿದಳು, "ನಾಗೇಶನ ಹಾಡು ಬಂತನೇ?"

"ಇಲ್ಲ ಆಯಿ."

ಅವಳು ಎದ್ದು ಸೀರೆಯ ಸೆರಗು ಬಿಗಿದಳು. ಇಬ್ಬರೂ ಬಂದರಿಗೆ ಹೋದೆವು. ಅವನ ಫೋನು ಸಿಗಲಿಲ್ಲ. ಒಂದೊಂದೇ ಬೋಟು ಬಂದು ಮೀನು ಇಳಿಸಿತು. ಯಾವ ಹಾಡಿಗೆ ದಿನವೂ ಶಾಪ ಹಾಕುತ್ತಿದ್ದೆನೋ ಅದೇ ಹಾಡಿಗಾಗಿ ಕಿವಿಯಾಗಿ ನಿಂತೆ. ಬೇಡವೆಂದಾಗ ಬಂದು ಬೇಕೆಂದಾಗ ಬಾರದ ಅದರ ಮೇಲೂ ಕೋಪ ಬಂತು. ಕತ್ತಲಾಗುವ ಹೊತ್ತಿಗೆ ಬೇರೊಂದು ಬೋಟು ಹಗ್ಗ ಕಟ್ಟಿ ನಾಗೇಶನ ಬೋಟನ್ನು ಎಳೆದುಕೊಂಡು ಬಂತು. ಬಲೆ ಬಿಟ್ಟು ಕೂತಷ್ಟು ಹೊತ್ತೂ ಹಾಡು ಹಾಕಿದ್ದರು. ಬ್ಯಾಟರಿ ಸತ್ತು, ಇಂಜಿನ್ ಚಾಲೂ ಆಗದೆ, ಗಾಳಿ ಅವರನ್ನು ಹೊರಗಡಲಿಗೆ ತಳ್ಳುತ್ತಿತ್ತಂತೆ.

ನಾನು ಕೂಡಿಟ್ಟಿದ್ದ ಬೈಗುಳಕ್ಕೆ ಬಾಯಿ ತೆರೆಯುವ ಮೊದಲೇ ಆಯಿ ಶುರುಮಾಡಿದಳು. "ಅಷ್ಟ್ ಓದಿದ ಅಕ್ಕ ಹೇಳಿದ್ ಮಾತು ಕಿವಿಗೆ ಹಾಕಂಬೂಕೆ ಆಗ್ಲಿಲ್ವನಾ ನಿಂಗೆ?" ನಾಗೇಶ ತಲೆ ತಗ್ಗಿಸಿದ. ನಾನು ತಲೆ ಎತ್ತಿದೆ. ಅದೇ ಉಸಿರಿನಲ್ಲಿ ಆಯಿ ನನ್ನತ್ತ ತಿರುಗಿದಳು: "ನೀ ಎಂತಾ ಓದಿದ್ಯೇ? ಕಿಟಕೀಲಿ ನಿಂತು ದಿನಾ ಅಷ್ಟ್ ಗಟ್ಟಿ ಬೈತೆ. ಬ್ಯಾಟ್ರಿ ವಿಚಾರ ಅಷ್ಟ್ ಗಟ್ಟಿ ಹೇಳೂಕೆ ಬಾಯಿ ಇರ್ಲಿಲ್ವನೇ?"

ಎತ್ತಿದ ತಲೆಯನ್ನು ನಾನೂ ತಗ್ಗಿಸಿ, ಬೋಟು ಎಳೆದು ತಂದ ಹಗ್ಗ ಬಿಚ್ಚಲು ಕೈಹಾಕಿದೆ.

ಈಗ ಬೋಟಿಗೆ ಬೇರೆ ಬ್ಯಾಟರಿ ಬಂದಿದೆ. ನಾಗೇಶ ತಪ್ಪಾಯಿತೆನ್ನಲಿಲ್ಲ, ಅದು ನಮ್ಮ ವಂಶದಲ್ಲಿಲ್ಲ. ಆಂಪ್ಲಿಫಯರಿನ ಖಾಲಿ ಪೆಟ್ಟಿಗೆ ತಂದು ನನ್ನ ಮುಂದಿಟ್ಟು, "ಮತ್ತೆಂತಾ ಬರೆದಿದ್ದು, ಪೂರಾ ಹೇಳೇ ಅಕ್ಕಾ" ಎಂದ. ಸದ್ದು ಕಡಿಮೆ ಇಟ್ಟರೆ ಕಿವಿಗೆ ಕ್ಷೇಮ ಎಂದು ಓದಿದೆ, ಗಟ್ಟಿಯಾಗಿಯೇ ಓದಿದೆ. "ಅದೊಂದು ಬಿಡು" ಎಂದ.

ಹಾಗಾಗಿ ನನ್ನ ಸಾಸಿವೆ ಡಬ್ಬಿ ಈಗಲೂ ಕುಣಿಯುತ್ತದೆ, ಮೊದಲಿಗಿಂತ ಜೋರಾಗಿ. ನನ್ನ ಸಿಟ್ಟೂ ಕಡಿಮೆಯಾಗಿಲ್ಲ. ಆದರೆ ಮುಚ್ಚಳ ಅಲುಗುವವರೆಗೆ ನಮ್ಮ ಮನೆಯಲ್ಲಿ ಚಹಾ ಒಲೆ ಏರುವುದಿಲ್ಲ. ಅಲುಗಿದೊಡನೆ, ಎಂದಿನಂತೆ ಬೈಯುತ್ತಲೇ, ಅವನ ಪಾಲಿನ ನೀರನ್ನೂ ಸೇರಿಸಿ ಇಡುತ್ತೇನೆ.