ನೋವಿದ್ದಲ್ಲಿ ಕೈ ಇಡಬೇಡ

ಹೈದರಾಬಾದಿನ ಮೈದಾನವೊಂದರಲ್ಲಿ ಎಡ ಮೊಳಕಾಲು ಹಾಳಾಗದಿದ್ದರೆ ನಾನು ವಕೀಲನಾಗುತ್ತಿರಲಿಲ್ಲ. ಎಪ್ಪತ್ತರ ದಶಕದ ಮಾತು. ಅಲ್ಲಿನ ಒಂದು ಕಚೇರಿ ನನಗೆ ಸಂಬಳ ಕೊಟ್ಟು ಫುಟ್‌ಬಾಲ್ ಆಡಿಸುತ್ತಿತ್ತು. ಕಾಲು ಹೋದ ವರ್ಷವೇ ಹಾರ ಹಾಕಿ, ಫೋಟೊ ತೆಗೆಸಿ, ರಾಯಚೂರಿನ ರೈಲು ಹತ್ತಿಸಿದರು. ಕೂತು ಉಣ್ಣುವ ಕೆಲಸ ಅಂತ ಅಪ್ಪ ನನ್ನನ್ನು ಕಾನೂನು ಓದಲು ಹಚ್ಚಿದ. ಕೋರ್ಟಿನಲ್ಲಿ ದಿನವಿಡೀ ನಿಲ್ಲುವುದೇ ಕೆಲಸ ಅನ್ನುವುದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕಕ್ಷಿದಾರರು ಬರುತ್ತಿದ್ದದ್ದೇ ಅಪರೂಪ. ಬಂದವರೂ "ಚೆಂಡಿನ ವಕೀಲ್ರು ಇವ್ರೇನ್ರೀ?" ಎಂದು ಪಕ್ಕದವರನ್ನು ಕೇಳಿ ಅನುಮಾನದಿಂದಲೇ ಕೂಡುತ್ತಿದ್ದರು. ಕೈ ಖಾಲಿ ಇದ್ದವನಿಗೆ ಊರೆಲ್ಲ ಕೆಲಸ ಹೇಳುತ್ತದೆ. ಎಂಬತ್ತರ ಹೊತ್ತಿಗೆ ಜಿಲ್ಲೆಯ ಫುಟ್‌ಬಾಲನ್ನು ಪೂರಾ ನನ್ನ ಕೊರಳಿಗೆ ಕಟ್ಟಿದ್ದರು. ಕಾರ್ಯದರ್ಶಿಯೂ ನಾನೇ, ಮ್ಯಾನೇಜರೂ ನಾನೇ, ಸುಣ್ಣದ ಗೆರೆ ಎಳೆಯುವವನೂ ನಾನೇ. ರಜೆ ಬಂದರೆ ಕರಿ ಕೋಟು ಗೂಟಕ್ಕೆ ಸಿಗಿಸಿ, ಚೆಂಡಿನ ಚೀಲ ಬಸ್ಸಿನ ಮೇಲೆ ಹಾಕಿ ದೇವದುರ್ಗಕ್ಕೋ ಮಾನ್ವಿಗೋ ಹೊರಡುತ್ತಿದ್ದೆ.

ಗಬ್ಬೂರಿನಲ್ಲಿ ಬಸ್ಸು ಕೆಟ್ಟು ನಿಂತ ಒಂದು ಮಧ್ಯಾಹ್ನ ಅವನನ್ನು ಕಂಡೆ. ಕುರಿ ಕಾಯುವ ಮನೆತನದವನು, ಮೀಸೆ ಚಿಗುರಿದ ತರುಣ. ಬರಿಗಾಲಲ್ಲಿ ಆಡುತ್ತಿದ್ದ. ಕುರಿ ತಿರುವಿದ ಹಾಗೆ ಎದುರಿನವರನ್ನು ತನಗೆ ಬೇಕಾದ ಕಡೆ ತಿರುವುತ್ತಿದ್ದ. ಬಸ್ಸು ರಿಪೇರಿಯಾಗಿ ಹೋದದ್ದೂ ನನಗೆ ತಿಳಿಯಲಿಲ್ಲ. ಅವನನ್ನು ರಾಯಚೂರಿನ ಒಂದು ಹತ್ತಿ ಗಿರಣಿಯ ತಂಡಕ್ಕೆ ಸೇರಿಸಿದೆ. ಹೆಸರಿಗೆ ಹಮಾಲಿ, ಕೆಲಸ ಫುಟ್‌ಬಾಲ್. ಅವನು ಗೋಲು ಹೊಡೆಯುತ್ತಿದ್ದಷ್ಟು ದಿನ ಒಂದು ಮೂಟೆಯನ್ನೂ ಯಾರೂ ಅವನ ಬೆನ್ನಿಗೆ ಏರಿಸಲಿಲ್ಲ.

ಆಡುವವರಿಗೆಲ್ಲ ಮೊದಲು ಹೇಳುವ ಮಾತೊಂದಿದೆ. ನನಗೆ ಹೈದರಾಬಾದಿನ ಉಸ್ತಾದರು ಹೇಳಿದ್ದರು, ಅವರಿಗೆ ಇನ್ನ್ಯಾರೋ. ಅವನಿಗೂ ಹೇಳಿದೆ: "ಪೆಟ್ಟು ಬಿದ್ರ ನೋವಿದ್ದಲ್ಲಿ ಕೈ ಇಡಬ್ಯಾಡ. ಎದುರಿನಾಂವ ನೋಡಿದ್ನಂದ್ರ ಮುಂದಿನ ಒದಿ ಅಲ್ಲೇ ಬೀಳ್ತದ." ಅವನು ಇದನ್ನು ದೇವರ ಮಾತಿನಂತೆ ನಡೆಸಿಕೊಂಡು ಬಂದ. ಉಗುರು ಕಿತ್ತು ಬಂದ ದಿನವೂ ನಗುತ್ತ ಆಡಿದ್ದ.

ಮಾನ್ವಿಯಲ್ಲಿ ಗಿರಣಿಯ ಪಂದ್ಯ ಆಡುವಾಗ ಅವನ ಕಾಲು ಮುರಿಯಿತು, ಮೊಳಕಾಲಿನ ಕೆಳಗೆ. ಆಸ್ಪತ್ರೆಗೆ ಹೋದರೆ ಕಾಲು ಕೊಯ್ಯುತ್ತಾರೆ ಎಂಬ ಅಂಜಿಕೆಯಿಂದ ಮನೆಯವರು ಅವನನ್ನು ಮಲ್ಲಟಕ್ಕೆ ಹೊತ್ತೊಯ್ದರು. ಅಲ್ಲಿ ಎಲುಬು ಕೂಡಿಸುವ ಮುದುಕನೊಬ್ಬ ಬಿದಿರಿನ ದಬ್ಬೆ ಕಟ್ಟಿದ. ಎಲುಬು ಕೂಡಿತು, ಆದರೆ ನೋವು ಒಳಗೇ ಉಳಿಯಿತು. ಹೆಜ್ಜೆ ಹೆಜ್ಜೆಗೂ ಕುಂಟುತ್ತಿದ್ದ.

ಗಿರಣಿಯವರು ಆಗ ಅವನು ಹಮಾಲಿ ಎನ್ನುವುದನ್ನು ನೆನಪಿಸಿಕೊಂಡರು. ಮೂಟೆ ಹೊರು ಅಂದರು. ಹೊರಲಾಗಲಿಲ್ಲ. ಕಾಲು ನೆಟ್ಟಗಿದೆ, ಇದು ಬರೀ ಮೈಗಳ್ಳತನ ಎಂದು ಕೆಲಸದಿಂದ ತೆಗೆದರು. ನಾವು ಕೇಳಿದ್ದು ದೊಡ್ಡದೇನಲ್ಲ, ಗೇಟಿನ ಹತ್ತಿರ ಕೂತು ಮಾಡುವ ಒಂದು ಕೆಲಸ. ನೀರುಂಡ ಮೇಲೆ ಬಾವಿಗೆ ಕಲ್ಲು ಹಾಕುವ ಜನ, ಅದನ್ನೂ ಕೊಡಲಿಲ್ಲ.

ಅವನ ತಾಯಿ ನನ್ನ ಮನೆಯ ಹೊಸ್ತಿಲಲ್ಲಿ ಕೂತು ಹೇಳಿದಳು: "ಯಪ್ಪಾ, ಕುರಿ ಹಿಂದ ತಿರಗಾಕ ಅವಗ ಕಾಲಿಲ್ಲ. ಗಿರಣಿ ಬಿಟ್ರ ಮತ್ತೇನದ? ಹಗ್ಗ ನೋಡಾಕತ್ತಾನ. ನೀನ ಕೈ ಹಿಡೀಬೇಕು." ನನಗೆ ರಾತ್ರಿ ನಿದ್ದೆ ಹತ್ತದಾಯಿತು. ವಕೀಲನಾಗಿ ನಾನು ಗೆಲ್ಲಲೇಬೇಕು ಅಂತ ಅನ್ನಿಸಿದ್ದು ಅದೊಂದೇ ಕೇಸಿಗೆ.

ಗುಲ್ಬರ್ಗದ ಕಾರ್ಮಿಕ ಕೋರ್ಟು ರಾಯಚೂರಿಗೆ ಬಂದು ಕೂತ ದಿನ ನಮ್ಮ ವಿಚಾರಣೆ ಬಂತು. ಕಾಲು ಮುರಿದಾಗಿನ ಆಸ್ಪತ್ರೆಯ ಕಾಗದ ಒಂದೂ ಇರಲಿಲ್ಲ. ಈಗ ನೋಡಿದ ಡಾಕ್ಟರು ಎಲುಬು ಕೂಡಿದೆ ಎಂದಷ್ಟೇ ಬರೆದಿದ್ದರು. ಇನ್ನು ಉಳಿದದ್ದು ಅವನ ನಡಿಗೆ. ಕುಂಟು ಎಂದು ಹೇಳಿಕೊಡುವುದು ನನ್ನ ವೃತ್ತಿಗೆ ಸಲ್ಲದ ಮಾತು. ದಿನಾ ಕುಂಟುವವನಿಗೆ ಹೇಳಿಕೊಡುವುದಾದರೂ ಯಾಕೆ?

"ದಿನಾ ಹೆಂಗ ನಡೀತಿ, ಹಂಗ ನಡಿ. ಅಷ್ಟ," ಎಂದೆ.

"ಹೂಂ ಸರ," ಎಂದ.

ಗಿರಣಿಯ ಕಡೆಯವರು ಒಂದು ಬೆಂಚು ತುಂಬ ಬಂದಿದ್ದರು. ಮ್ಯಾನೇಜರ್, ತಂಡದ ಕ್ಯಾಪ್ಟನ್, ಇವನ ಜಾಗಕ್ಕೆ ಬಂದ ಹೊಸ ಆಟಗಾರ. ಅವರ ವಕೀಲರು ಎದ್ದು, "ಅರ್ಜಿದಾರ ಇಲ್ಲಿಂದ ಬಾಗಿಲ ತನಕ ನಡೆದು ತೋರಿಸಲಿ ಸ್ವಾಮಿ," ಎಂದರು. ನಾನು ಸಂತೋಷದಿಂದಲೇ ಒಪ್ಪಿದೆ.

ಅವನು ಎದ್ದು ನಿಂತ. ಬೆಂಚಿನ ಕಡೆ ನೋಡಿದ. ಅಷ್ಟೂ ಜನ ಅವನ ಕಾಲನ್ನೇ ನೋಡುತ್ತಿದ್ದರು. ಪಂದ್ಯ ಸುರುವಾಗುವ ಮೊದಲು ಅವನ ದವಡೆ ಬಿಗಿಯುತ್ತಿತ್ತಲ್ಲ, ಹಾಗೇ ಬಿಗಿಯಿತು.

ನಡೆದ. ನೆಟ್ಟಗೆ ನಡೆದ. ಬಾಗಿಲ ತನಕ ಹೋಗಿ ಅದೇ ನಡಿಗೆಯಲ್ಲಿ ವಾಪಸು ಬಂದ. ಹಣೆಯ ಮೇಲೆ ಬೆವರು, ತುಟಿಯಲ್ಲಿ ರಕ್ತವಿಲ್ಲ. ಎಲ್ಲಿ ಎಷ್ಟು ನೋಯುತ್ತಿದೆ ಎಂದು ಆ ಕೋಣೆಯಲ್ಲಿ ನನ್ನ ಮೊಳಕಾಲಿಗೊಂದಕ್ಕೇ ಗೊತ್ತಿತ್ತು.

ನಾನು ಕೂಗಿಕೊಂಡಂತೆಯೇ ಹೇಳಿದೆ: "ಸ್ವಾಮಿ, ಅವನು ನೋವು ಮುಚ್ಚಿಡುತ್ತಿದ್ದಾನೆ. ನಾನೂ ಆಡಿದವನು. ಎದುರಾಳಿಯ ಮುಂದೆ ನಾವು ಕುಂಟುವುದಿಲ್ಲ. ನನಗೆ ಗೊತ್ತು."

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ವಕೀಲರೇ, ನೀವು ಇಲ್ಲಿ ವಾದ ಮಾಡಲು ಬಂದಿದ್ದೀರೋ, ಸಾಕ್ಷಿ ಹೇಳಲು ಬಂದಿದ್ದೀರೋ?"

ಬೆಂಚಿನ ಮೇಲೆ ಯಾರೋ ನಕ್ಕರು. ಅವನನ್ನೇ ಕೇಳಿ ಸ್ವಾಮಿ ಎಂದು ಬೇಡಿಕೊಂಡೆ. ಕೇಳಿದರು. ಅವನು ಬೆಂಚಿನ ಕಡೆ ಇನ್ನೊಮ್ಮೆ ನೋಡಿ, "ಅಷ್ಟೇನ ನೋವಿಲ್ರಿ," ಎಂದ. ಅರ್ಜಿದಾರ ಕುಂಟದೆ ನಡೆದ ಎಂದು ಅವರು ಬರೆಸಿದರು. ಬೆರಳಚ್ಚಿನ ಯಂತ್ರ ಟಕಟಕ ಅಂದಿತು. ನನಗೆ ಆ ಕೋಟು ಹರಿದು ಬಿಸಾಕಬೇಕು ಅನ್ನಿಸಿತು. ಅಳುವೂ ಬಂತು, ಅಳಲಿಲ್ಲ. ಸಂಜೆಯೊಳಗೆ ಅರ್ಜಿ ವಜಾ ಆಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಅವನ ತಾಯಿ ನೀರಮಾನ್ವಿಯ ಎಲ್ಲಮ್ಮನನ್ನು ನೆನೆಯುತ್ತ ಕೂತಿದ್ದಳು. ಅವಳಿಗೆ ಏನು ಹೇಳಲಿ ಎಂದು ನಾನು ಮೆಟ್ಟಿಲ ಮೇಲೇ ನಿಂತೆ. ಅವನು ಬಂದು ಪಕ್ಕದಲ್ಲಿ ನಿಂತ. ಒಳಗೆ ಇಂಗ್ಲಿಷಿನಲ್ಲಿ ಓದಿದ ತೀರ್ಪು ಅವನಿಗೆ ತಿಳಿದಿರಲಿಲ್ಲ. ಗಿರಣಿಯವರು ನಮ್ಮ ಮುಂದೆಯೇ ಹಾದುಹೋಗಿ ಜೀಪು ಹತ್ತಿದರು. ಅವನು ಕದಲಲಿಲ್ಲ.

"ಸರ," ಎಂದ ಮೆಲ್ಲಗೆ, "ಅವರಿಗೆ ಗೊತ್ತಾಗ್ಲಿಲ್ಲಲ್ರೀ?"

"ಇಲ್ಲಪಾ," ಎಂದೆ. "ಯಾರಿಗೂ ಗೊತ್ತಾಗ್ಲಿಲ್ಲ."

ಜೀಪು ತಿರುವಿನಲ್ಲಿ ಮರೆಯಾಗುವ ತನಕ ನೆಟ್ಟಗೆ ನಿಂತಿದ್ದ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ಕಾಲು ಹಿಡಿದುಕೊಂಡ.